ಫ್ರಿಜ್‌ನಲ್ಲಿ ಉಳಿದದ್ದರಿಂದ ಒಂದು ಜಗ್ ತಣ್ಣನೆ ಟೀ

ಈ ಬಿಸಿಲಿಗೆ ಮಧ್ಯಾಹ್ನದ ಬಿಸಿ ಟೀ ಬೇಡವೇ ಬೇಡ ಅನ್ನಿಸಿಬಿಟ್ಟಿದೆ. ನಿನ್ನೆ ರಾತ್ರಿ ಫ್ರಿಜ್ ತೆಗೆದು ನೋಡಿದರೆ ಚಟ್ನಿಗೆ ತಂದ ಪುದೀನಾದಲ್ಲಿ ಕಾಲು ಕಟ್ಟು ಬಾಡುತ್ತಾ ಕೂತಿತ್ತು, ಚಿತ್ರಾನ್ನಕ್ಕೆ ಹಿಂಡಿ ಉಳಿದ ಅರ್ಧ ನಿಂಬೆಹಣ್ಣು, ಹೆಬ್ಬೆರಳಷ್ಟು ಶುಂಠಿ. ಇಷ್ಟು ಸಾಕು.

1 ಲೀಟರ್ ತಣ್ಣೀರಿಗೆ 4 ಚಮಚ ಟೀ ಎಲೆ, ಪುದೀನಾ (ದಂಟನ್ನೂ ಎಸೆಯಬೇಡಿ, ಘಮ ಅದರಲ್ಲೂ ಇದೆ), ಜಜ್ಜಿದ ಶುಂಠಿ ಹಾಕಿ ಮುಚ್ಚಿ, ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಸೋಸಿ. ಕುದಿಸುವುದೇ ಬೇಡ. ಕುದಿಸಿದರೆ ಒಗರು ಜಾಸ್ತಿ ಬಿಡುತ್ತದೆ, ಆಮೇಲೆ ತಣ್ಣಗಾದಾಗ ಟೀ ಮಬ್ಬಾಗುತ್ತದೆ. ತಣ್ಣೀರಲ್ಲಿ ನೆನೆದದ್ದು ತಿಳಿಯಾಗಿರುತ್ತದೆ, ಸಿಹಿಯೂ ಕಮ್ಮಿ ಸಾಕು. ನೀಲಗಿರಿ ಬೆಟ್ಟದ ಟೀ ಎಲೆ ಸಿಕ್ಕರೆ ಬಿಡಬೇಡಿ, ತಣ್ಣನೆ ಟೀಗೆ ಅದು ತುಂಬಾ ಚೆನ್ನ. ಮನೆಯಲ್ಲಿ ಸಣ್ಣ ಪುಡಿಯೇ ಇದ್ದರೆ ತೆಳು ಬಟ್ಟೆಯಲ್ಲಿ ಸೋಸಿದರಾಯಿತು.

ಬೆಲ್ಲ ಮಾತ್ರ ತಣ್ಣಗಿನದರಲ್ಲಿ ಬೇಗ ಕರಗುವುದಿಲ್ಲ ಅಲ್ವಾ, ಸ್ವಲ್ಪ ಬಿಸಿನೀರಲ್ಲಿ ಕರಗಿಸಿ ಸೇರಿಸಿ. ಕೊನೆಗೆ ನಿಂಬೆ ಹಿಂಡಿ. ಹಿಂಡಿದ ಕೂಡಲೇ ಕಂದು ಬಣ್ಣ ತೆಳುವಾಗಿ ಹೊಂಬಣ್ಣಕ್ಕೆ ತಿರುಗುತ್ತದೆ, ಅದನ್ನು ನೋಡುವುದೇ ನನಗೆ ಖುಷಿ.

ಮಗಳು ಎರಡು ಲೋಟ ಕುಡಿದು "ನಾಳೆಗೂ ಮಾಡಮ್ಮಾ" ಅಂದಳು. ಪುದೀನಾ ಮುಗಿದಿದೆ. ನಾಳೆ ಕುಂಡದಲ್ಲಿರುವ ಮಜ್ಜಿಗೆಹುಲ್ಲು ಹಾಕುತ್ತೇನೆ.