ಇಂಗ್ಲಿಷ್ ಮಾಸ್ಟ್ರು ಬಿಡಿಸಿ ತೋರಿಸಿದ 'ಫಾಸ್ಟ್'

ನಮ್ಮ ರಾತ್ರಿಶಾಲೆಯ ಇಂಗ್ಲಿಷ್ ಮಾಸ್ಟ್ರು ಇಡೀ ಒಂದು ಪೀರಿಯಡ್ಡನ್ನು 'ಫಾಸ್ಟ್' ಎಂಬ ಒಂದೇ ಶಬ್ದಕ್ಕೆ ಕೊಟ್ಟಿದ್ದರು. ಈಗಿನ ಮಕ್ಕಳಿಗೂ ಆ ಪಾಠ ದಾಟಲಿ ಎಂದು ಬರೆಯುತ್ತಿದ್ದೇನೆ.

ಮುಂಬಯಿಯಲ್ಲಿ ಫಾಸ್ಟ್ ಎಂದರೆ ಲೋಕಲ್ ಗಾಡಿ. ಇಂಡಿಕೇಟರಿನಲ್ಲಿ 'ಎಫ್' ಇದ್ದರೆ ದಾದರ್ ಬಿಟ್ಟ ಗಾಡಿ ಮಾಟುಂಗಾ ರೋಡ್, ಮಾಹಿಮ್ ದಾಟಿ ಬಾಂದ್ರಾದಲ್ಲೇ ನಿಲ್ಲುತ್ತದೆ. ಮಾಸ್ಟ್ರು ಅಲ್ಲಿಂದ ಶುರುಮಾಡಿ, ಈ ಶಬ್ದದ ಮೂಲ ಅರ್ಥ ವೇಗವೇ ಅಲ್ಲ ಎಂದರು. ಹಳೆಯ ಇಂಗ್ಲಿಷಿನಲ್ಲಿ ಅದು ಗಟ್ಟಿ, ಬಿಗಿ, ಅಲುಗದ್ದು. ಗಟ್ಟಿ ಇದ್ದದ್ದು ವೇಗ ಹೇಗಾಯಿತು? ನಮ್ಮ 'ಜೋರು' ನೋಡಿ. ಪಾರಸಿಯಲ್ಲಿ ಅದು ಬಲ. 'ಜೋರಾಗಿ ಓಡು' ಎನ್ನುವಾಗ ವೇಗ. ಅವರದೂ ಅದೇ ದಾರಿ.

ಗಿರಣಿಗಳ ಊರಲ್ಲವೇ, ಬಟ್ಟೆಯ ಉದಾಹರಣೆಗೆ ಹೆಚ್ಚು ಹೊತ್ತು ಹೋಯಿತು. 'ಫಾಸ್ಟ್ ಕಲರ್' ಎಂದರೆ ನೂಲನ್ನು ಬಿಗಿಯಾಗಿ ಹಿಡಿದ ಬಣ್ಣ. ಒದ್ದೆ ಬಿಳಿ ಬಟ್ಟೆಯಿಂದ ಸೀರೆಯ ಒಳಮೂಲೆಯನ್ನು ಹತ್ತು ಸಲ ಉಜ್ಜಿ. ಬಿಳಿಗೆ ಬಣ್ಣ ಹತ್ತಿದರೆ, ನೂಲು ಹಿಡಿಯದ ಬಣ್ಣವನ್ನು ಸರಿಯಾಗಿ ತೊಳೆದಿಲ್ಲ ಎಂದರ್ಥ. ಪ್ರಯೋಗಾಲಯದಲ್ಲಿ ಒಗೆತಕ್ಕೆ 1ರಿಂದ 5, ಬಿಸಿಲಿಗೆ 1ರಿಂದ 8 ಅಂಕ. ಅಂಕ ಹೆಚ್ಚಿದಷ್ಟೂ ಬಣ್ಣ ಗಟ್ಟಿ. ಬಿಡುವ ಬಣ್ಣಕ್ಕೆ ಇಂಗ್ಲಿಷಿನಲ್ಲಿ 'ರನ್' ಆಗುತ್ತದೆ ಎನ್ನುತ್ತಾರೆ. ಹಾಗಾಗಿ ಫಾಸ್ಟ್ ಆದದ್ದು ಓಡುವುದೇ ಇಲ್ಲ! ಈ ಒಂದು ಮಾತಿನಲ್ಲಿ ಇಡೀ ಪಾಠ ಇದೆ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ದೋಣಿಯ ಹಗ್ಗವನ್ನು ಧಕ್ಕೆಯ ಗೂಟಕ್ಕೆ ಬಿಗಿಯುವುದು 'ಮೇಕ್ ಫಾಸ್ಟ್'. ಕೆಸರಿನಲ್ಲಿ ಹೂತು ಅಲುಗದಿದ್ದರೆ 'ಸ್ಟಕ್ ಫಾಸ್ಟ್'. 'ಫಾಸ್ಟ್ ಅಸ್ಲೀಪ್' ಎಂದರೆ ಗಾಢ ನಿದ್ದೆ. 'ಬೇಗ ಮಲಗಿದ' ಎಂದು ಬರೆದು ಅಂಕ ಕಳೆದುಕೊಂಡವರು ಬಹಳ.

ಉಪವಾಸವೂ ಇದೇ ಬೇರಿನದು, ವ್ರತವನ್ನು ಬಿಗಿಹಿಡಿಯುವುದು. ಏಕಾದಶಿಯಂದು 'ಐ ಆಮ್ ಫಾಸ್ಟ್' ಎನ್ನಬಾರದು, 'ಫಾಸ್ಟಿಂಗ್' ಎನ್ನಬೇಕು. ಫಾಸ್ಟಿಂಗ್ ಶುಗರ್ ಪರೀಕ್ಷೆಗೆ ಕನಿಷ್ಠ 8 ಗಂಟೆ ಏನೂ ತಿನ್ನಬಾರದು, ನೀರು ಕುಡಿಯಬಹುದು. ರಾತ್ರಿಯ ಆ ಉಪವಾಸವನ್ನು ಮುರಿಯುವುದೇ ಬ್ರೇಕ್‌ಫಾಸ್ಟ್, ಉಚ್ಚರಿಸುವಾಗ 'ಬ್ರೆಕ್‌ಫಸ್ಟ್'. ಬಿಗಿ ಎಂಬ ಅರ್ಥದ 'fasten' ಅನ್ನು 'ಫಾಸನ್' ಎನ್ನುವಾಗ ಬರೆದ 'ಟಿ' ಬಾಯಿಗೆ ಬರಬಾರದು.

'ಫಾಸ್ಟ್ಲಿ' ಎಂದು ಬರೆದರೆ ಮಾಸ್ಟ್ರ ಕೆಂಪು ಗೆರೆ ತಪ್ಪುತ್ತಿರಲಿಲ್ಲ: ಗಾಡಿಯೂ ಫಾಸ್ಟ್, ಓಡುವುದೂ ಫಾಸ್ಟ್. 'ಬೇಗ ಬೇಗ'ದ ಅಭ್ಯಾಸದಿಂದ 'ಫಾಸ್ಟ್ ಫಾಸ್ಟ್' ಎಂದರೂ ಅದೇ ಗೆರೆ.

ಕೊನೆಗೆ ಗಡಿಯಾರ. 'ಫೈವ್ ಮಿನಿಟ್ಸ್ ಫಾಸ್ಟ್' ಎಂದರೆ ಅದು 8:05 ತೋರಿಸುವಾಗ ಸರಿಯಾದ ಸಮಯ 8:00. ದಿನಾ ಐದೈದು ನಿಮಿಷ ಮುಂದೆ ಹೋಗುತ್ತಿದ್ದರೆ 'ಗೇನ್ಸ್' ಎನ್ನಬೇಕು. ಮೊದಲನೆಯದಕ್ಕೆ ಮುಳ್ಳು ತಿರುಗಿಸಿದರೆ ಸಾಕು, ಎರಡನೆಯದನ್ನು ರಿಪೇರಿಗೆ ಕೊಡಬೇಕು.