ಎರಡು ಕುರ್ಚಿಯ ಉಸ್ಮಾನ್ ಸಪ್ತಾ

ಮೆಣಸು ಕೊಯ್ಲಿನ ತಿಂಗಳುಗಳಲ್ಲಿ ಸೋಮವಾರಪೇಟೆಯ ವ್ಯಾಪಾರಿಗಳ ಬಾಯಲ್ಲಿ ಇಂಡೋನೇಷ್ಯಾದ ಹೆಸರು ದಿನಕ್ಕೊಮ್ಮೆಯಾದರೂ ಬರುತ್ತದೆ. ಅಂಗಡಿಯಾತ ಚೀಲಕ್ಕೆ ಕೈಹಾಕಿ ನಾಲ್ಕು ಕಾಳು ತೆಗೆದು, ಅಂಗೈಯಲ್ಲಿ ಉಜ್ಜಿ, ಒಂದನ್ನು ಹಲ್ಲಿನಲ್ಲಿ ಕಡಿದು ತೇವ ನೋಡುತ್ತಾ, "ಇಂಡೋನೇಷ್ಯಾದ ಲಾಂಪುಂಗ್ ಮಾಲು ಬಂದರೆ ಇನ್ನೂ ಇಳಿಯುತ್ತೆ ಅಣ್ಣ" ಎಂದು ಹೇಳಿದ ದಿನದಿಂದ ಆ ದೇಶದ ಸುದ್ದಿಯನ್ನು ಓದುವ ಅಭ್ಯಾಸ ನನಗೆ ಅಂಟಿಕೊಂಡಿದೆ. ಬೆಲೆ ಹುಡುಕಿಕೊಂಡು ಹೋದವನಿಗೆ ಸಿಕ್ಕಿದ್ದು ಮಾತ್ರ ವ್ಯಾಪಾರದಿಂದ ಸಂಸತ್ತಿಗೆ ಹೋದ ಒಬ್ಬ ಮನುಷ್ಯನ ವೃತ್ತಾಂತ. ಕೊಡಗಿನಂಥ ಸಣ್ಣ ಸೀಮೆಯಲ್ಲಿ ಕುಳಿತು ಓದುವವರಿಗೆ ಅದರಲ್ಲಿ ಯೋಚಿಸಬೇಕಾದದ್ದು ಬಹಳ ಇದೆ.

ಅವರ ಹೆಸರು ಉಸ್ಮಾನ್ ಸಪ್ತಾ ಒಡಾಂಗ್. ಡಚ್ಚರ ಕಾಲದ ಕಾಗುಣಿತದಲ್ಲಿ ಉಕಾರವನ್ನು 'ಓ' ಮತ್ತು 'ಇ' ಎಂಬ ಎರಡು ರೋಮನ್ ಅಕ್ಷರ ಸೇರಿಸಿ ಬರೆಯುತ್ತಿದ್ದರಿಂದ ಆ ಹೆಸರಿನ ಮೊದಲಕ್ಷರ ಇಂದಿಗೂ 'ಓ' ಆಗಿಯೇ ಉಳಿದಿದೆ. ಕೊಡಗನ್ನು ಕೂರ್ಗ್ ಎಂದು ಬರೆಸಿಕೊಂಡ ನಮಗೆ ಇದೇನೂ ಹೊಸದಲ್ಲ. ಹೆಸರಿನ ಮೂರು ಮೊದಲಕ್ಷರಗಳನ್ನು ಕೂಡಿಸಿ ಅಲ್ಲಿನವರು ಅವರನ್ನು 'ಓಸೊ' ಎಂದು ಕರೆಯುತ್ತಾರೆ. ಹುಟ್ಟಿದ್ದು 1950ರ ಆಗಸ್ಟ್ 18ರಂದು, ಬೋರ್ನಿಯೋ ದ್ವೀಪದ ಪಶ್ಚಿಮ ಕಾಲಿಮಂತಾನ್ ಪ್ರಾಂತ್ಯದ ಸುಕದಾನಾ ಎಂಬ ಕಡಲತೀರದ ಊರಿನಲ್ಲಿ. ತಂದೆ ಸುಲಾವೆಸಿ ಮೂಲದ ಬುಗಿಸ್ ಜನಾಂಗದವರು, ತಾಯಿ ಸುಮಾತ್ರಾದ ಮಿನಾಂಗ್‌ಕಬಾವ್ ಕುಲದವರು. ಭೂಮಧ್ಯರೇಖೆಯ ಮೇಲಿರುವ ಪೊಂಟಿಯಾನಕ್ ಪಟ್ಟಣದ ಬಂದರಿನಲ್ಲಿ ಸಿಗರೇಟು ಮಾರಿ, ಹೊರೆ ಹೊತ್ತು ಬೆಳೆದ ಹುಡುಗ ಮುಂದೆ ತೋಟ, ಗಣಿ, ಕಟ್ಟಡ ನಿರ್ಮಾಣ, ಷೇರು ವ್ಯವಹಾರಗಳನ್ನೊಳಗೊಂಡ ಓಸೊ ಸಮೂಹದ ಒಡೆಯನಾದ. ಬಂದರಿನ ಹುಡುಗ ಸಿರಿವಂತನಾದ ಕಥೆಗಳು ಎಲ್ಲ ದೇಶಗಳಲ್ಲೂ ಇವೆ; ನನ್ನ ಕುತೂಹಲ ಇರುವುದು ಅದರ ನಂತರದ ಭಾಗದಲ್ಲಿ.

ಮೂರು ದಶಕ ದೇಶವನ್ನಾಳಿದ ಸುಹಾರ್ತೋ 1998ರ ಮೇ ತಿಂಗಳಲ್ಲಿ ಅಧಿಕಾರದಿಂದ ಇಳಿದ ಮೇಲೆ, ಸಂವಿಧಾನ ತಿದ್ದುವ ಅಧಿಕಾರವಿರುವ ಜನತಾ ಸಮಾಲೋಚನಾ ಸಭೆ 1999ರಲ್ಲಿ ಹೊಸದಾಗಿ ರಚನೆಯಾದಾಗ ಅದರಲ್ಲಿ 700 ಸದಸ್ಯರಿದ್ದರು. ಅವರಲ್ಲಿ 135 ಮಂದಿ ಪ್ರಾಂತ್ಯಗಳ ಪ್ರತಿನಿಧಿಗಳು. ಉಸ್ಮಾನ್ ಸಪ್ತಾ ಪಶ್ಚಿಮ ಕಾಲಿಮಂತಾನಿನ ಪರವಾಗಿ ಈ ಗುಂಪಿನೊಳಗೆ ಬಂದು, ಆ ಅವಧಿಯಲ್ಲೇ ಸಭೆಯ ಉಪಾಧ್ಯಕ್ಷರೂ ಆದರು. ಸಂವಿಧಾನಕ್ಕೆ ನಾಲ್ಕು ತಿದ್ದುಪಡಿಗಳಾದದ್ದು 1999ರಿಂದ 2002ರವರೆಗಿನ ಅದೇ ಕಾಲದಲ್ಲಿ. 2001ರ ಮೂರನೆಯ ತಿದ್ದುಪಡಿಯ ಮೂಲಕ ಪ್ರಾಂತ್ಯಗಳ ಪ್ರತಿನಿಧಿ ಮಂಡಳಿ ಎಂಬ ಹೊಸ ಸದನಕ್ಕೆ ಅಡಿಪಾಯ ಬಿತ್ತು. ಮರುವರ್ಷ ಉಸ್ಮಾನ್ ಸಪ್ತಾ ಪ್ರಾಂತ್ಯ ಐಕ್ಯತಾ ಪಕ್ಷವನ್ನು ಕಟ್ಟಿದರು. ಅದು 2004 ಮತ್ತು 2009ರ ಚುನಾವಣೆಗಳಲ್ಲಿ ಸೋತು ಮೂಲೆ ಸೇರಿತು.

ಈ ಹೊಸ ಸದನದ ಲೆಕ್ಕವನ್ನು ಓದಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಜನಸಂಖ್ಯೆ ಎಷ್ಟೇ ಇರಲಿ, ಪ್ರತಿ ಪ್ರಾಂತ್ಯಕ್ಕೂ ನಾಲ್ಕೇ ಸ್ಥಾನ, ಸುಮಾರು 4.8 ಕೋಟಿ ಜನರಿರುವ ಪಶ್ಚಿಮ ಜಾವಾಕ್ಕೂ ನಾಲ್ಕು, ಸುಮಾರು 54 ಲಕ್ಷ ಜನರ ಪಶ್ಚಿಮ ಕಾಲಿಮಂತಾನಿಗೂ ನಾಲ್ಕು. ಅಭ್ಯರ್ಥಿಗಳು ಪಕ್ಷದ ಚಿಹ್ನೆಯಿಲ್ಲದೆ ತಮ್ಮ ಹೆಸರಿನಲ್ಲೇ ಮತ ಕೇಳಬೇಕು. ನಮ್ಮ ಕಡೆಯ ಲೆಕ್ಕ ನೋಡಿ: 1952ರಲ್ಲಿ ಕೊಡಗು 24 ಸದಸ್ಯರ ಸ್ವಂತ ವಿಧಾನಸಭೆಯಿದ್ದ ಸಿ ದರ್ಜೆಯ ರಾಜ್ಯವಾಗಿತ್ತು, ಸಿ. ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದರು, ಆದರೆ ರಾಜ್ಯಸಭೆಯಲ್ಲಿ ಕೊಡಗಿಗೆ ಪೂರ್ತಿ ಒಂದು ಸ್ಥಾನವೂ ಇರಲಿಲ್ಲ, ಎಲ್ಲಿಯದೋ ಅಜ್ಮೀರದ ಜೊತೆ ಸೇರಿಸಿ ಒಂದನ್ನು ಕೊಟ್ಟಿದ್ದರು. 1956ರ ನವೆಂಬರ್ 1ರಂದು ಮೈಸೂರು ರಾಜ್ಯದೊಳಗೆ ಸೇರಿದ ಮೇಲೆ ಆ ಅರ್ಧ ಸ್ಥಾನವೂ ಹೋಯಿತು. ಲೋಕಸಭೆಗೆ ಒಂದು ಕಾಲದಲ್ಲಿ ಮಂಗಳೂರಿನ ಬಾಲ, ಈಗ ಮೈಸೂರಿನ ಬಾಲ. ವಿಧಾನಸಭೆಯ ಮೂರು ಕ್ಷೇತ್ರಗಳು 2008ರಿಂದ ಎರಡಾಗಿ, ನಮ್ಮ ಸೋಮವಾರಪೇಟೆಯ ಹೆಸರೇ ಪಟ್ಟಿಯಿಂದ ಬಿದ್ದುಹೋಯಿತು. ಹಾಗೆಂದು ಇಂಡೋನೇಷ್ಯಾದ ಆ ಮಂಡಳಿಗೆ ದೊಡ್ಡ ಬಲವಿದೆ ಎಂದು ತಿಳಿಯಬಾರದು. ಪ್ರಾಂತ್ಯಗಳ ಸ್ವಾಯತ್ತತೆ, ಹಣಕಾಸು ಹಂಚಿಕೆ, ನೈಸರ್ಗಿಕ ಸಂಪತ್ತು ಮುಂತಾದ ವಿಷಯಗಳಲ್ಲಿ ಅದು ಮಸೂದೆ ಸೂಚಿಸಬಹುದು, ಚರ್ಚಿಸಬಹುದು. ಕೊನೆಯ ಮತ ಹಾಕುವ ಅಧಿಕಾರ ಮಾತ್ರ ಪಕ್ಷಗಳು ತುಂಬಿರುವ ಕೆಳಮನೆಯದು.

ಅಷ್ಟರೊಳಗೆ ಉಸ್ಮಾನ್ ಸಪ್ತಾ ರೈತ ಸಂಘಟನೆಯ ಕಡೆಗೂ ಒಮ್ಮೆ ಹೊರಳಿದ್ದರು. ಈಗಿನ ರಾಷ್ಟ್ರಾಧ್ಯಕ್ಷ ಪ್ರಬೊವೊ ಸುಬಿಯಾಂತೊ ಮುನ್ನಡೆಸುತ್ತಿದ್ದ ಇಂಡೋನೇಷ್ಯಾ ರೈತ ಸೌಹಾರ್ದ ಸಂಘ 2010ರಲ್ಲಿ ಒಡೆದು, ಒಂದು ಬಣ ಪ್ರಬೊವೊ ಅವರನ್ನೇ ಉಳಿಸಿಕೊಂಡರೆ ಇನ್ನೊಂದು ಬಣ ಉಸ್ಮಾನ್ ಸಪ್ತಾ ಅವರನ್ನು ಆರಿಸಿತು. ಹೆಸರಿನಲ್ಲಿ ಸೌಹಾರ್ದ, ಅಧ್ಯಕ್ಷರು ಮಾತ್ರ ಇಬ್ಬರು. ಬೆಳೆಗಾರರ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಅಭ್ಯಾಸವಿರುವ ನನಗೆ ಇದನ್ನು ಓದಿ ನಗು ತಡೆಯಲಾಗಲಿಲ್ಲ.

2014ರಲ್ಲಿ ಅವರು ಪಶ್ಚಿಮ ಕಾಲಿಮಂತಾನಿನಿಂದ ಪ್ರಾಂತ್ಯಗಳ ಮಂಡಳಿಗೆ ಆಯ್ಕೆಯಾದರು. ಆ ವರ್ಷದ ಅಕ್ಟೋಬರಿನಲ್ಲಿ, ಈ ಮಂಡಳಿಯವರೂ ಕೆಳಮನೆಯವರೂ ಕೂಡಿದ ಸಮಾಲೋಚನಾ ಸಭೆಯ ಪದಾಧಿಕಾರಿಗಳ ಚುನಾವಣೆಗೆ ಎರಡು ತಂಡಗಳು ಎದುರುಬದುರಾಗಿ ನಿಂತಾಗ ನಡೆದದ್ದು, ನನ್ನ ದೃಷ್ಟಿಯಲ್ಲಿ, ಈ ಮನುಷ್ಯನನ್ನು ಅರ್ಥಮಾಡಿಕೊಳ್ಳಲು ಸಾಕಾದ ಘಟನೆ. ಒಂದು ತಂಡದ ಪಟ್ಟಿಯಲ್ಲಿ ಅವರು ಅಧ್ಯಕ್ಷ ಸ್ಥಾನದ ಅಭ್ಯರ್ಥಿ. ಝುಲ್ಕಿಫ್ಲಿ ಹಸನ್ ನಾಯಕತ್ವದ ಎದುರು ಪಟ್ಟಿಯಲ್ಲಿ ಅವರೇ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ. ಎರಡನೆಯ ತಂಡ 330ಕ್ಕೆ ಎದುರಾಗಿ 347 ಮತ ಪಡೆದು ಗೆದ್ದಿತು. ಉಸ್ಮಾನ್ ಸಪ್ತಾ ಸೋತವರ ನಾಯಕರೂ ಆಗಿ, ಗೆದ್ದವರ ಜೊತೆ ವೇದಿಕೆಯನ್ನೂ ಹತ್ತಿದರು. ಯಾವ ದರ ಬಂದರೂ ನಷ್ಟವಾಗದಂತೆ ಮಾಲನ್ನು ಅರ್ಧ ಮಾರಿ ಅರ್ಧ ಇಟ್ಟುಕೊಳ್ಳುವ ಜಾಣತನ ವ್ಯಾಪಾರಿಗೆ ಸಹಜವಾದದ್ದು.

ಜನರಲ್ ವಿರಾಂತೊ 2016ರಲ್ಲಿ ಸಚಿವರಾದ ಮೇಲೆ ತಮ್ಮ ಹನುರಾ ಪಕ್ಷದ ಅಧ್ಯಕ್ಷಗಿರಿಯನ್ನು ಡಿಸೆಂಬರಿನಲ್ಲಿ ಉಸ್ಮಾನ್ ಸಪ್ತಾ ಅವರಿಗೆ ಬಿಟ್ಟುಕೊಟ್ಟರು. ಅದಕ್ಕೂ ಮೊದಲು, ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಪ್ರಾಂತ್ಯಗಳ ಮಂಡಳಿಯ ಅಧ್ಯಕ್ಷ ಇರ್ಮಾನ್ ಗುಸ್ಮಾನ್ ಸಕ್ಕರೆ ಹಂಚಿಕೆಯ ಲಂಚ ಪ್ರಕರಣದಲ್ಲಿ ಬಂಧನಕ್ಕೊಳಗಾಗಿ ಮಂಡಳಿ ಗೊಂದಲದಲ್ಲಿತ್ತು. ಪದಾಧಿಕಾರಿಗಳ ಅವಧಿಯನ್ನು ಎರಡೂವರೆ ವರ್ಷಕ್ಕೆ ಇಳಿಸಿದ ನಿಯಮವನ್ನು ಸುಪ್ರೀಂ ಕೋರ್ಟ್ ರದ್ದುಮಾಡಿತ್ತು. ಆದರೂ 2017ರ ಏಪ್ರಿಲ್ ಆರಂಭದಲ್ಲಿ ತಳ್ಳಾಟ, ಕೂಗಾಟಗಳ ನಡುವೆ ಮಂಡಳಿ ಸಭೆ ಸೇರಿ ಉಸ್ಮಾನ್ ಸಪ್ತಾ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಅವರಿಗೆ ಪ್ರಮಾಣವಚನ ಬೋಧಿಸಿದವರು ಅದೇ ಸುಪ್ರೀಂ ಕೋರ್ಟಿನ ಉಪ ಮುಖ್ಯ ನ್ಯಾಯಮೂರ್ತಿ. ಹೀಗೆ ಪಕ್ಷಗಳಿಂದ ದೂರವಿರಲೆಂದು ಕಟ್ಟಿದ ಸದನದ ಅಧ್ಯಕ್ಷನೇ ಒಂದು ಪಕ್ಷದ ಅಧ್ಯಕ್ಷನೂ ಆದ.

2018ರ ಜುಲೈ 23ರಂದು ಸಂವಿಧಾನ ನ್ಯಾಯಾಲಯ ಇದಕ್ಕೆ ತಡೆ ಹಾಕಿತು. ಪಕ್ಷಗಳಿಗೆ ಕೆಳಮನೆ ಇರುವಾಗ ಅವುಗಳ ಪದಾಧಿಕಾರಿಗಳು ಪ್ರಾಂತ್ಯಗಳ ಸದನಕ್ಕೂ ಬಂದರೆ ಒಂದೇ ಧ್ವನಿಗೆ ಎರಡು ಪ್ರಾತಿನಿಧ್ಯ ಸಿಕ್ಕಂತಾಗುತ್ತದೆ ಎಂಬುದು ಅದರ ವಾದ. ಚುನಾವಣಾ ಆಯೋಗ ಪಕ್ಷದ ಹುದ್ದೆಗೆ ರಾಜೀನಾಮೆ ಕೇಳಿತು, ಉಸ್ಮಾನ್ ಸಪ್ತಾ ಕೊಡಲಿಲ್ಲ. 2019ರ ಮಂಡಳಿ ಚುನಾವಣೆಗೆ ಸೆಪ್ಟೆಂಬರಿನಲ್ಲಿ ಹೊರಬಿದ್ದ ಅಭ್ಯರ್ಥಿಗಳ ಅಂತಿಮ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಅಭ್ಯರ್ಥಿಗಳ ಪ್ರಕ್ರಿಯೆ ಶುರುವಾದ ಮೇಲೆ ನಿಯಮ ಬದಲಿಸಿದ್ದು ಅನ್ಯಾಯ ಎಂದು ಅವರು ಬೇರೆ ಬೇರೆ ನ್ಯಾಯಪೀಠಗಳಿಗೆ ಹೋಗಿ, ಆಡಳಿತ ನ್ಯಾಯಾಲಯದಲ್ಲಿ ಗೆದ್ದರೂ ಆಯೋಗ ಜಗ್ಗಲಿಲ್ಲ. ಸಮಯದ ವಿಷಯದಲ್ಲಿ ಅವರ ದೂರಿನಲ್ಲಿ ಹುರುಳಿತ್ತೆಂದೇ ನನಗೆ ತೋರುತ್ತದೆ. ಆದರೆ ಊರಿನ ಪ್ರತಿನಿಧಿತ್ವ ಅಷ್ಟು ಮುಖ್ಯವಾಗಿದ್ದರೆ ಪಕ್ಷದ ಕುರ್ಚಿಯಿಂದ ಎದ್ದು ಬರಲು ದಾರಿಯಿತ್ತು, ಆ ಕುರ್ಚಿಯನ್ನು ಅವರು ಬಿಡಲಿಲ್ಲ.

2019ರ ಏಪ್ರಿಲ್ 17ರ ಮತದಾನದಲ್ಲಿ ಹನುರಾ ಪಡೆದದ್ದು ಶೇಕಡಾ 1.54 ಮತ, ಕೆಳಮನೆಗೆ ಬೇಕಾದದ್ದು ಶೇಕಡಾ 4. ಹಿಂದಿನ ಸಲ ಗೆದ್ದಿದ್ದ 16 ಸ್ಥಾನಗಳೂ ಹೋದವು. ಅಕ್ಟೋಬರಿನಲ್ಲಿ ಪ್ರಾಂತ್ಯಗಳ ಮಂಡಳಿಯ ಅಧ್ಯಕ್ಷ ಸ್ಥಾನಕ್ಕೆ ಪೂರ್ವ ಜಾವಾದ ಲಾ ನ್ಯಾಲಾ ಮತ್ತಾಲಿತ್ತಿ ಬಂದರು. ಅವರೂ ವ್ಯಾಪಾರಸ್ಥರೇ, ಅಲ್ಲಿನ ವಾಣಿಜ್ಯ ಮಂಡಳಿಯ ಅಧ್ಯಕ್ಷರಾಗಿದ್ದವರು.