ಆತನು ಅಲ್ಲ, ನೀನು

ಕಣ್ಣಿನ ಹಿಂಭಾಗದ ಪರದೆ, ರೆಟಿನಾ, ಕಳಚಿಕೊಂಡಿತ್ತು. ಆಪರೇಷನ್ ಮಾಡಿ ಕಣ್ಣೊಳಗೆ ಗ್ಯಾಸ್ ತುಂಬಿದರು. ಆ ಗುಳ್ಳೆ ಮೇಲಕ್ಕೆ ಏರಿ ರೆಟಿನಾವನ್ನು ಒತ್ತಿ ಹಿಡಿಯಬೇಕು, ಅದಕ್ಕೆ ಒಂದು ವಾರ ಮುಖ ಕೆಳಗೆ ಮಾಡಿಕೊಂಡೇ ಇರಿ ಅಂದರು ಡಾಕ್ಟರ್. ಇನ್ನೊಂದು ಕಣ್ಣು ಮೊದಲೇ ಮಂದ, ಅಕ್ಷರ ಕಾಣುವುದಿಲ್ಲ. ದಿನಾ ಸತ್ಯವೇದ, ಅಂದರೆ ಬೈಬಲ್, ತೆರೆಯುವ ನನಗೆ ಬೆನ್ನುನೋವಿಗಿಂತ ಅದೇ ಜಾಸ್ತಿ ಕಷ್ಟವಾಯಿತು.

ಮೊದಲ ರಾತ್ರಿ ನಿದ್ದೆ ಬರಲಿಲ್ಲ. ಈ ಕಣ್ಣೂ ಹೋಗಿಬಿಟ್ಟರೆ ಅನ್ನುವ ಭಯ. ಬಾಯಿಪಾಠ ಬರುವ ವಾಕ್ಯವನ್ನಾದರೂ ಹೇಳಿಕೊಳ್ಳೋಣ ಅಂದುಕೊಂಡೆ. ಬೈಬಲಿನ ಕೀರ್ತನೆಗಳಲ್ಲಿ 23ನೆಯದು, ಇರುವುದೇ ಆರು ವಚನ. ‘ಯೆಹೋವನು ನನಗೆ ಕುರುಬನು, ಕೊರತೆಪಡೆನು’ ಅಂತ ಶುರು ಮಾಡಿದೆ. ಮೂರನೇ ವಚನಕ್ಕೆ ನಿಂತುಹೋಯಿತು. ಇಷ್ಟು ವರ್ಷ ಓದಿದ್ದೇನೆ, ಪುಸ್ತಕ ಇಲ್ಲದಿದ್ದರೆ ಇಷ್ಟೇನಾ? ಅಳು ಬಂತು.

ಬೆಳಿಗ್ಗೆ ಮಗಳು ನೆಲದ ಮೇಲೆ ಕೂತು ಒಂದೊಂದೇ ವಚನ ಓದಿದಳು. ನಾನು ತಿರುಗಿ ಹೇಳಿದೆ. ಹೊಸದು ಒಂದು ಸೇರಿದಾಗಲೆಲ್ಲ ಮತ್ತೆ ಮೊದಲಿನಿಂದ. ನಾಲ್ಕನೆಯದರಲ್ಲಿ, ಕಾರ್ಗತ್ತಲಿನ ಕಣಿವೆ ಬರುವ ಜಾಗದಲ್ಲಿ, ಪದೇ ಪದೇ ತಪ್ಪಿದೆ. ‘ಆತನು ಹತ್ತಿರವಿರುವದರಿಂದ’ ಅನ್ನುತ್ತಿದ್ದೆ.

“ಅಪ್ಪಾ, ಆತನು ಅಲ್ಲ. ನೀನು.”

ಮೂರು ಸಲ ತಿದ್ದಿದಳು. ಆಗ ಹೊಳೆಯಿತು. ಮೊದಲ ಮೂರು ವಚನಗಳಲ್ಲಿ ಕುರುಬನ ವಿಷಯ ಹೇಳುತ್ತಾ ಹೋಗುತ್ತಾನೆ ಕೀರ್ತನೆಗಾರ. ಆತನು ತಂಗಿಸುತ್ತಾನೆ, ಆತನು ನಡಿಸುತ್ತಾನೆ. ಹಸುರು ಇದ್ದಾಗ, ನೀರು ಇದ್ದಾಗ ಅಷ್ಟು ಸಾಕು. ಕತ್ತಲೆಗೆ ಕಾಲಿಟ್ಟ ಕೂಡಲೇ ಮಾತು ಆತನ ಕಡೆಗೇ ತಿರುಗುತ್ತದೆ. ನೀನು, ನಿನ್ನ ದೊಣ್ಣೆ, ನಿನ್ನ ಕೋಲು. ಓದುವಾಗ ಕಣ್ಣು ಇದನ್ನು ದಾಟಿಕೊಂಡು ಹೋಗಿತ್ತು. ನಾಲಿಗೆ ಎಡವಿದ ಮೇಲೆ ಸಿಕ್ಕಿತು.

ಮಧ್ಯಾಹ್ನ ಅವಳು ಹಿಂದಿನ ಪುಟದ 22ನೇ ಕೀರ್ತನೆಯನ್ನೂ ಓದಿದಳು. ಅದರ ಮೊದಲ ಮಾತನ್ನೇ ಯೇಸು ಶಿಲುಬೆಯ ಮೇಲೆ ಕೂಗಿದ್ದು. ಅಲ್ಲಿ ಯಾರೂ ಸುರುಳಿ ಬಿಚ್ಚಿ ಹಿಡಿದಿರಲಿಲ್ಲ ಅಲ್ವಾ? ಒಳಗೆ ಇದ್ದದ್ದೇ ಬಾಯಿಗೆ ಬಂತು. ಅದೂ ‘ನನ್ನ ದೇವರೇ’ ಅಂತ ನೇರವಾಗಿ ಕರೆಯುವ ಮಾತು.

ಆ ರಾತ್ರಿ ಹಣೆಯನ್ನು ದಿಂಬಿಗೆ ಒತ್ತಿಕೊಂಡು ಆರೂ ವಚನ ಹೇಳಿದೆ. ಭಯ ಪೂರ್ತಿ ಹೋಗಿರಲಿಲ್ಲ. ಮತ್ತೆ ಶುರು ಮಾಡಿ ನಾಲ್ಕನೆಯದಕ್ಕೆ ಬಂದು ಅಲ್ಲೇ ಉಳಿದುಕೊಂಡೆ. ನೀನು ಹತ್ತಿರವಿರುವದರಿಂದ, ನೀನು ಹತ್ತಿರವಿರುವದರಿಂದ ಅಂತ ಹೇಳುತ್ತಾ ಹೇಳುತ್ತಾ ಯಾವಾಗಲೋ ನಿದ್ದೆ ಹತ್ತಿತು.